ಆಸ್ಕರ್ ಭವಿಷ್ಯದ ಲೆಕ್ಕ

ಆಸ್ಕರ್ ಹತ್ತಿರವಾದಂತೆ ಭವಿಷ್ಯ ನುಡಿಯುವವರು ಮೊದಲು ನಾಮನಿರ್ದೇಶನಗಳನ್ನು ಎಣಿಸುತ್ತಾರೆ. 2022ರಲ್ಲಿ ‘ದಿ ಪವರ್ ಆಫ್ ದ ಡಾಗ್’ ಚಿತ್ರಕ್ಕೆ 12 ಬಂದಿದ್ದವು; ದಕ್ಕಿದ್ದು ಜೇನ್ ಕ್ಯಾಂಪಿಯನ್ ಅವರ ನಿರ್ದೇಶನಕ್ಕೆ ಸಂದ ಪ್ರಶಸ್ತಿಯೊಂದೇ. ಮೂರೇ ನಾಮನಿರ್ದೇಶನಗಳ ‘ಕೋಡಾ’ ಅತ್ಯುತ್ತಮ ಚಿತ್ರವೆನಿಸಿತು.

ಗುಟ್ಟು ಎಣಿಕೆಯ ಕ್ರಮದಲ್ಲಿದೆ. ಅಂತಿಮ ಮತದಾನದಲ್ಲಿ ಉಳಿದ ಪ್ರಶಸ್ತಿಗಳಿಗೆ ಹೆಚ್ಚು ಮತ ಪಡೆದವರೇ ಅರ್ಹರು. ಅತ್ಯುತ್ತಮ ಚಿತ್ರಕ್ಕೆ ಮಾತ್ರ, 2010ರ ಸಮಾರಂಭದಿಂದೀಚೆಗೆ, ಮತದಾರರು ಚಿತ್ರಗಳನ್ನು ಮೆಚ್ಚಿಕೆಯ ಅನುಕ್ರಮದಲ್ಲಿ ಸೂಚಿಸುತ್ತಾರೆ. ಯಾವುದಕ್ಕೂ ಅರ್ಧಕ್ಕೆ ಮೀರಿದ ಮತ ಬಾರದಿದ್ದರೆ ಕಡೆಯ ಚಿತ್ರವನ್ನು ಕೈಬಿಟ್ಟು, ಅದರ ಮತಗಳನ್ನು ಆಯಾ ಮತದಾರರ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಹೀಗಾಗಿ ಕೆಲವರು ಆರಾಧಿಸುವ ಚಿತ್ರಕ್ಕಿಂತ ಯಾರಿಗೂ ಬೇಡವಾಗದ ಚಿತ್ರಕ್ಕೆ ಅನುಕೂಲ ಹೆಚ್ಚು. ಅದನ್ನು ‘ಅತ್ಯುತ್ತಮ’ವೆನ್ನಲು ನನಗಂತೂ ಸಂಕೋಚ.

ಇದೇ ರೀತಿ ಮತ ಎಣಿಸುವ ನಿರ್ಮಾಪಕರ ಸಂಘವು ಎಂಟು ದಿನ ಮೊದಲೇ ‘ಕೋಡಾ’ವನ್ನು ಆರಿಸಿತ್ತು. ಆದರೆ 2017ರಲ್ಲಿ ಅದು ಮೆಚ್ಚಿದ್ದು ‘ಲಾ ಲಾ ಲ್ಯಾಂಡ್’. ಆಸ್ಕರ್ ಸಂದದ್ದು ‘ಮೂನ್‌ಲೈಟ್’ಗೆ.