ಎಣ್ಣೆಗೆಂಪಿಗೆ ಸ್ಲೈಡರ್ ಇಲ್ಲ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಹಬ್ಬದ ದಿನ ಮನೆಯೊಳಗೆ, ದೀಪದ ಬೆಳಕಿನಲ್ಲಿ ಫೋಟೋ ತೆಗೆಯುವ ಬಗ್ಗೆ ಮಾತಾಡಿದ್ದೆವು. ಅದನ್ನು ಓದಿದ ಮೂರ್ನಾಲ್ಕು ಮನೆಯವರು ಸಿಕ್ಕಾಗ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಸರಿ ಸಾರ್, ಬೀಚಿನಲ್ಲಿ ತೆಗೆದರೆ ನಮ್ಮ ಮುಖ ಮಾತ್ರ ಯಾಕೆ ಇದ್ದಿಲಿನ ಹಾಗೆ ಬರುತ್ತೆ?"

ಪ್ರಶ್ನೆ ಸಕಾಲಿಕ. ನವೆಂಬರ್ ಬಂತೆಂದರೆ ದುಬೈಯ ಸೆಖೆ ಇಳಿಯುತ್ತದೆ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ನಾವೆಲ್ಲ ಜುಮೇರಾ ಕಡೆಗೋ ಕೈಟ್ ಬೀಚ್ ಕಡೆಗೋ ಹೊರಡುತ್ತೇವೆ. ಊರಿನಿಂದ ಅಪ್ಪ ಅಮ್ಮ ಬರುವುದೂ ಈ ತಂಪು ದಿನಗಳಲ್ಲೇ. ಹಿಂದೆ ಬುರ್ಜ್ ಅಲ್ ಅರಬ್, ಮುಂದೆ ಕುಟುಂಬ, ಕ್ಲಿಕ್! ಮನೆಗೆ ಬಂದು ನೋಡಿದರೆ ಹೋಟೆಲು ಥಳಥಳ, ಅಮ್ಮನ ಮುಖ ಕಾಣೆ.

ತಪ್ಪು ಅಮ್ಮನ ಬಣ್ಣದ್ದಲ್ಲ, ಕ್ಯಾಮೆರಾ ಹಾಕುವ ಲೆಕ್ಕದ್ದು. ಕ್ಯಾಮೆರಾದೊಳಗಿನ ಮೀಟರು ಕಣ್ಣೆದುರಿನ ದೃಶ್ಯವೆಲ್ಲ ಸೇರಿ ಸರಾಸರಿ ಒಂದು ಮಧ್ಯಮ ಬೂದು ಬಣ್ಣ ಎಂದುಕೊಂಡು ಬೆಳಕನ್ನು ಅಳೆಯುತ್ತದೆ. ಬೀಚಿನಲ್ಲಿ ಆಕಾಶ ಬೆಳ್ಳಗೆ, ಮರಳು ಬೆಳ್ಳಗೆ, ನೀರೂ ಹೊಳೆಯುತ್ತದೆ. ಇಷ್ಟೊಂದು ಬೆಳಕೇ ಎಂದು ಹೆದರಿ ಅದು ಎಲ್ಲವನ್ನೂ ಕೆಳಗಿಳಿಸುತ್ತದೆ. ಹೊಸ ಫೋನುಗಳು ಮುಖ ಗುರುತಿಸಿ ಒಂದಿಷ್ಟು ಸಂಭಾಳಿಸುತ್ತವೆ, ಆದರೆ ಸೂರ್ಯ ಬೆನ್ನ ಹಿಂದೆ ಇದ್ದರೆ ಅವೂ ತಿಣುಕುತ್ತವೆ. ಫೋನಿನ ಪರದೆಯ ಮೇಲೆ ಮುಖವನ್ನು ಒಮ್ಮೆ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ತುಸು ಮೇಲೆ ಎಳೆಯಿರಿ. ಕ್ಯಾಮೆರಾ ಇದ್ದವರು ಎಕ್ಸ್‌ಪೋಷರ್ ಕಾಂಪನ್ಸೇಷನ್ ಪ್ಲಸ್ 1ರ ಆಸುಪಾಸಿಗೆ ಇಡಿ.

ಜಾಗದ ಬಗ್ಗೆಯೂ ಒಂದು ಮಾತು. ನಮ್ಮ ಮಲ್ಪೆಯಲ್ಲಾಗಲಿ ಗೋಕರ್ಣದಲ್ಲಾಗಲಿ ಕಡಲು ಪಡುವಣಕ್ಕಿದೆ, ಸೂರ್ಯ ನೀರಿನೊಳಗೇ ಇಳಿಯುತ್ತಾನೆ. ದುಬೈಯ ತೀರ ವಾಯುವ್ಯಕ್ಕೆ ಮುಖ ಮಾಡಿದೆ. ಹಾಗಾಗಿ ನವೆಂಬರಿನಲ್ಲಿ ಕಡಲಿಗೆ ಎದುರಾಗಿ ನಿಂತರೆ ಸೂರ್ಯ ಎಡಗಡೆಗೆ ಜಾರುತ್ತಾನೆ, ಸಂಜೆ ಐದೂವರೆಯ ಹೊತ್ತಿಗೆ ಮುಳುಗಿಬಿಡುತ್ತಾನೆ. ಅಂದರೆ ನಾಲ್ಕೂಕಾಲಿನಿಂದ ಐದೂಕಾಲಿನವರೆಗೆ ಕೆನ್ನೆಯ ಮೇಲೆ ಅಡ್ಡಬೆಳಕು ಪುಕ್ಕಟೆ. ನೆರಳು ಬಿದ್ದ ಇನ್ನೊಂದು ಕೆನ್ನೆಗೆ ಮಾವನವರ ಬಿಳಿ ಪಂಚೆಯನ್ನು ಇಬ್ಬರು ಹಿಡಿದು ನಿಂತರೆ ಸಾಕು, ಮುನ್ನೂರು ದಿರ್ಹಮಿನ ರಿಫ್ಲೆಕ್ಟರ್ ಬೇಡ. (ಉಟ್ಟ ಪಂಚೆಯಲ್ಲ, ಚೀಲದಲ್ಲಿ ತಂದದ್ದು!) ಕಾರಿನ ಏಸಿಯಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆಯಬೇಡಿ, ತೇವದ ಗಾಳಿಗೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ಚೀಲದಲ್ಲೇ ಹದಿನೈದು ನಿಮಿಷ ಬಿಟ್ಟರೆ ಹೊರಗಿನ ಶಾಖಕ್ಕೆ ಹೊಂದಿಕೊಳ್ಳುತ್ತದೆ. ಮಂಜು ಕಟ್ಟಿದ ಚಿತ್ರವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೊಳೆಯಲಾರದು.

ಈಗ ತಿದ್ದುವ ಕೆಲಸ. ಸ್ನ್ಯಾಪ್‌ಸೀಡ್ ಆಗಲಿ, ಲೈಟ್‌ರೂಮ್ ಆಗಲಿ, ಪುಕ್ಕಟೆಯ ಗಿಂಪ್ ಆಗಲಿ, ಹೆಸರು ಬೇರೆ, ಕೀಲಿಗಳು ಹೆಚ್ಚುಕಡಿಮೆ ಒಂದೇ. ಮೊದಲು ಕಡಲಿನ ಗೆರೆಯನ್ನು ನೇರ ಮಾಡಿ. ಸಮುದ್ರ ಒಂದು ಕಡೆಗೆ ವಾಲಿದರೆ ಉಳಿದದ್ದೆಲ್ಲ ಎಷ್ಟು ಚೆಂದವಿದ್ದರೂ ನೋಡುವವರಿಗೆ ಕಸಿವಿಸಿ. ಆಮೇಲೆ ಹೈಲೈಟ್ಸ್ ಇಳಿಸಿ ಆಕಾಶವನ್ನು ಮರಳಿ ತನ್ನಿ, ಶ್ಯಾಡೋಸ್ ಸ್ವಲ್ಪ ಏರಿಸಿ. ಒಂದು ಎಚ್ಚರ: ಪೂರ್ತಿ ಬಿಳಿಯಾಗಿ ಸುಟ್ಟುಹೋದ ಆಕಾಶದಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ಕತ್ತಲಿನಲ್ಲಿ ಅಡಗಿದ್ದನ್ನು ಎಬ್ಬಿಸಬಹುದು, ಜೊತೆಗೆ ಒಂದಿಷ್ಟು ಕಾಳುಕಾಳು ಬರುತ್ತದೆ, ಅಷ್ಟೇ. ಮುಖ ಇನ್ನೂ ಮಂಕಾಗಿದ್ದರೆ ಇಡೀ ಚಿತ್ರವನ್ನು ಎತ್ತಬೇಡಿ. ಸೆಲೆಕ್ಟಿವ್ ಅಥವಾ ಬ್ರಷ್ ತೆಗೆದುಕೊಂಡು ಮುಖದ ಮೇಲೆ ಮಾತ್ರ ಬೆಳಕು ಹಾಕಿ. ಕುತ್ತಿಗೆ, ಕೈಗಳನ್ನು ಮರೆಯಬೇಡಿ, ಇಲ್ಲದಿದ್ದರೆ ಯಕ್ಷಗಾನದ ಬಣ್ಣ ಹಚ್ಚಿ ಅರ್ಧಕ್ಕೆ ಎದ್ದುಬಂದ ಹಾಗೆ ಕಾಣುತ್ತದೆ!

ಬಣ್ಣದ ವಿಷಯ ಸ್ವಲ್ಪ ನಾಜೂಕು. ನೆರಳಿನಲ್ಲಿ ನಿಂತವರ ಮುಖದ ಮೇಲೆ ಆಕಾಶದ ನೀಲಿ ಬೀಳುತ್ತದೆ. ನಮ್ಮ ಮೈಬಣ್ಣ ಆ ನೀಲಿಯಲ್ಲಿ ಬೂದಿ ಬಡಿದಂತೆ ಕಾಣುತ್ತದೆ. ಅದನ್ನು ನೋಡಿ ಎಲ್ಲರೂ ಬ್ರೈಟ್‌ನೆಸ್ ಏರಿಸುತ್ತಾರೆ. ಬೇಕಾಗಿರುವುದು ಅದಲ್ಲ, ವೈಟ್ ಬ್ಯಾಲೆನ್ಸನ್ನು ಹಳದಿಯ ಕಡೆಗೆ ಒಂದೆರಡು ಗೆರೆ ಸರಿಸುವುದು. ಮುಖ ಅಲ್ಲೇ ಜೀವ ತುಂಬಿಕೊಳ್ಳುತ್ತದೆ. ವೀಡಿಯೋ ಎಡಿಟಿಂಗ್ ಮಾಡುವವರ ಹತ್ತಿರ ವೆಕ್ಟರ್‌ಸ್ಕೋಪ್ ಎಂಬ ಅಳತೆಯ ಸಾಧನ ಇರುತ್ತದೆ. ಅದರಲ್ಲಿ ಚರ್ಮದ ಬಣ್ಣಕ್ಕೆಂದು ಒಂದೇ ಒಂದು ಗೆರೆ. ಸ್ವೀಡನ್ನಿನವರ ಮುಖವಾಗಲಿ, ಸುಡಾನಿನವರದಾಗಲಿ, ಹಾಸನದವರದಾಗಲಿ, ಸುಮಾರಾಗಿ ಅದೇ ಗೆರೆಯ ಅಕ್ಕಪಕ್ಕ ಕೂರುತ್ತದೆ. ವ್ಯತ್ಯಾಸವಿರುವುದು ಎಷ್ಟು ಗಾಢ, ಎಷ್ಟು ತಿಳಿ ಎಂಬುದರಲ್ಲಿ.

ಇಷ್ಟು ಹೇಳುವುದಕ್ಕೆ ಕಾರಣವಿದೆ. ಹೋದ ವರ್ಷ ಸ್ನೇಹಿತರ ಹನ್ನೆರಡು ವರ್ಷದ ಮಗಳ ಫೋಟೋಗಳನ್ನು ಕೈಟ್ ಬೀಚಿನಲ್ಲಿ ತೆಗೆದಿದ್ದೆ. ಅರಸೀಕೆರೆಯಲ್ಲಿರುವ ಅಜ್ಜಿಗೆ ಒಂದು ದೊಡ್ಡ ಪ್ರಿಂಟ್ ಹಾಕಿಸಿ ಕಳಿಸಬೇಕಿತ್ತು. ನಮ್ಮ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾಗ ಹುಡುಗಿಯ ತಾಯಿ ಮೆಲ್ಲಗೆ ಹೇಳಿದರು: "ಅಣ್ಣ, ಸ್ವಲ್ಪ ಬೆಳ್ಳಗೆ ಮಾಡಿಕೊಡಿ. ಬಿಸಿಲಲ್ಲಿ ಆಡಿ ಆಡಿ ಕರ್ರಗಾಗಿದ್ದಾಳೆ. ಊರಲ್ಲಿ ನೋಡಿದೋರು ಏನಂತಾರೆ?"

ನಾನು ವಾದ ಮಾಡಲಿಲ್ಲ. ಎರಡು ಪ್ರತಿ ಮಾಡಿದೆ. ಒಂದರಲ್ಲಿ ಬೆಳಕನ್ನು ಮಾತ್ರ ಸರಿ ಮಾಡಿದ್ದೆ. ಇನ್ನೊಂದರಲ್ಲಿ ಆ್ಯಪಿನ ಬ್ಯೂಟಿ ಫಿಲ್ಟರ್ ಕೊನೆಯವರೆಗೆ ಎಳೆದಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅಷ್ಟರಲ್ಲಿ ಹುಡುಗಿಯೇ ಒಳಗೆ ಬಂದು ನಮ್ಮ ಹಿಂದೆ ನಿಂತಿದ್ದಳು. ಎರಡನ್ನೂ ನೋಡಿದಳು. ಆಮೇಲೆ ಪರದೆ ಬಿಟ್ಟು ತಾಯಿಯ ಮುಖ ನೋಡುತ್ತಾ, "ಅಮ್ಮ, ಅಜ್ಜಿಗೆ ಯಾವುದು ಕಳಿಸ್ತೀಯಾ?" ಎಂದಳು.

ತಾಯಿ ಒಂದು ಕ್ಷಣ ಸುಮ್ಮನಿದ್ದರು. "ಇವಳದ್ದೇ ಕಳಿಸಿ ಅಣ್ಣ" ಎಂದು ಮೊದಲನೆಯದನ್ನು ತೋರಿಸಿದರು. ಬಾಗಿಲ ತನಕ ಹೋದವರು ತಿರುಗಿ, "ಆ ಹಣೆ ಮೇಲಿನ ಸೊಳ್ಳೆ ಕಚ್ಚಿದ ಗುರುತು ಒಂದು ತೆಗೀಬಹುದಲ್ವಾ?" ಎಂದರು. ಖಂಡಿತ ತೆಗೆಯಬಹುದು. ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು ನಾನು ಧಾರಾಳವಾಗಿ ಅಳಿಸುತ್ತೇನೆ: ಮೊಡವೆ, ಸೊಳ್ಳೆ ಕಡಿತ, ಕೆನ್ನೆಗೆ ಅಂಟಿದ ಮರಳು. ಮಚ್ಚೆ, ಹಳೆಯ ಗಾಯದ ಕಲೆ, ಅಜ್ಜಿಯ ಸುಕ್ಕು, ಮೈಬಣ್ಣ ಇವುಗಳಿಗೆ ಕೈ ಹಚ್ಚುವುದಿಲ್ಲ.

ಈ ಬೆಳ್ಳಗಿನ ಹುಚ್ಚು ನಮ್ಮವರದ್ದು ಮಾತ್ರ ಎಂದುಕೊಳ್ಳಬೇಡಿ, ಫೋಟೋಗ್ರಫಿಯ ಯಂತ್ರಗಳಿಗೂ ಅದು ಇತ್ತು. ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಚಿತ್ರ ಕಳುಹಿಸುತ್ತಿತ್ತು. ಮೊದಲು ಅದರಲ್ಲಿದ್ದ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ದಶಕಗಳ ಕಾಲ ಆ ಕಾರ್ಡಿನಲ್ಲಿದ್ದದ್ದು ಬಿಳಿಯ ಹೆಂಗಸರೇ. ಆ ಮುಖ ಸರಿ ಬಂದರೆ ಪ್ರಿಂಟು ಸರಿ! ಗಾಢ ಬಣ್ಣಗಳ ವಿವರ ಸರಿಯಾಗಿ ಬರುತ್ತಿಲ್ಲ ಎಂದು ಗಟ್ಟಿಯಾಗಿ ದೂರು ಕೊಟ್ಟವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ಕಂಪನಿಗಳೂ ಇದ್ದವು ಎಂಬುದು ನಗಬೇಕೋ ಅಳಬೇಕೋ ತಿಳಿಯದ ಸಂಗತಿ. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಗೂಗಲ್ 2021ರಲ್ಲಿ ಪಿಕ್ಸೆಲ್ 6 ಫೋನಿನೊಂದಿಗೆ 'ರಿಯಲ್ ಟೋನ್' ಎಂದು ತಂದದ್ದೂ ಇದೇ ಕೊರತೆಯನ್ನು ತುಂಬಲು.

ನಮ್ಮ ಭಾಷೆ ಈ ವಿಷಯದಲ್ಲಿ ಯಂತ್ರಗಳಿಗಿಂತ ಮುಂದಿತ್ತು ಎನಿಸುತ್ತದೆ. ಎಣ್ಣೆಗೆಂಪು, ಸಾದುಗಪ್ಪು, ಎಣ್ಣೆಗಪ್ಪು, ಗೋಧಿಬಣ್ಣ: ಒಂದೊಂದು ಹೇಳಿದಾಗಲೂ ಒಂದೊಂದು ಮುಖ ಕಣ್ಣ ಮುಂದೆ ಬರುತ್ತದೆ. ಎಣ್ಣೆಗೆಂಪು ಎಂಬಲ್ಲಿ ಬಣ್ಣದ ಜೊತೆ ಹೊಳಪೂ ಇದೆ, ನೋಡಿ. ಇಳಿಬಿಸಿಲಿನಲ್ಲಿ ಆ ಹೊಳಪೇ ಚಿತ್ರದ ಜೀವಾಳ. ಚರ್ಮವನ್ನು ನುಣ್ಣಗೆ ಮಾಡುವ ಫಿಲ್ಟರು ಮೊದಲು ತಿನ್ನುವುದು ಅದನ್ನೇ.

ಇನ್ನೊಂದು ವಿಷಯ, ಅವಸರದಲ್ಲಿ ಹೇಳಿಬಿಡುತ್ತೇನೆ. ಹಿನ್ನೆಲೆಯಲ್ಲಿ ಅಪರಿಚಿತರು ಸ್ಪಷ್ಟವಾಗಿ ಬಿದ್ದಿದ್ದರೆ ಕ್ರಾಪ್ ಮಾಡಿ ಅಥವಾ ಅಳಿಸಿ. ಒಪ್ಪಿಗೆಯಿಲ್ಲದೆ ಇತರರ ಚಿತ್ರ ತೆಗೆದು ಹಂಚುವುದನ್ನು ಈ ದೇಶದ ಕಾನೂನು ಹಗುರವಾಗಿ ನೋಡುವುದಿಲ್ಲ.

ಇನ್ನು ನಮ್ಮ ಸ್ಮರಣ ಸಂಚಿಕೆಗೆ ಚಿತ್ರ ಕಳುಹಿಸುವವರಿಗೆ. ವಾಟ್ಸ್ಯಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಆರು ಇಂಚು ಅಗಲಕ್ಕೆ ಚೆನ್ನಾಗಿ ಅಚ್ಚಾಗಬೇಕಾದರೆ 1,800 ಪಿಕ್ಸೆಲ್ ಅಗಲ ಬೇಕು. ಪರದೆ ಹಿಂದಿನಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಆದ್ದರಿಂದ ಅಚ್ಚಿನಲ್ಲಿ ಮುಖ ತುಸು ಮಂಕಾಗಿಯೇ ಬರುತ್ತದೆ. ಫೋನಿನ ಬ್ರೈಟ್‌ನೆಸ್ಸನ್ನು ಅರ್ಧಕ್ಕೆ ಇಳಿಸಿಕೊಂಡು ತಿದ್ದಿದರೆ ಅಂದಾಜು ಸಿಗುತ್ತದೆ. ತಿದ್ದಿದ್ದರ ಜೊತೆಗೆ ಮೂಲ ಚಿತ್ರವನ್ನೂ ಕಳಿಸಿ, ನಿಮ್ಮ ಹತ್ತಿರವೂ ಒಂದು ಪ್ರತಿ ಇಟ್ಟುಕೊಳ್ಳಿ.