ಡಬ್ಬಿ ಹೊರುವವನೂ ಡಬ್ಬಿಯ ಮುಚ್ಚಳವೂ

ಪುಣೆಯ ವಾಚಕ ಸೋದರಿಯೊಬ್ಬರು ಬರೆದಿರುವ ಕಾಗದ ನನ್ನ ಮುಂದಿದೆ. ಅವರ ಯಜಮಾನರಿಗೆ ಈಚೆಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತಂತೆ. ಊರಿನಲ್ಲಿರುವ ಅತ್ತೆಯವರಿಗೆ ಸುಮ್ಮನೆ ಗಾಬರಿಯಾದೀತೆಂದು ಯಾರಿಗೂ ತಿಳಿಸಿರಲಿಲ್ಲ. ಒಂದು ರಾತ್ರಿ ಗಂಡಹೆಂಡಿರಿಬ್ಬರೂ ಕಂಪ್ಯೂಟರಿನ ಮುಂದೆ ಕುಳಿತು ಪಥ್ಯದ ವಿಚಾರ ಓದಿಕೊಂಡರು. ಮಾರನೆಯ ದಿನ ಮಗ ಪಾಠಕ್ಕೆಂದು ಅದೇ ಕಂಪ್ಯೂಟರು ತೆರೆದರೆ ಪಕ್ಕದಲ್ಲೆಲ್ಲ ರಕ್ತದ ಸಕ್ಕರೆ ಅಳೆಯುವ ಯಂತ್ರದ ಜಾಹೀರಾತು! "ನಮ್ಮ ಮನೆಯ ಗುಟ್ಟನ್ನು ಇವರಿಗೆ ಹೇಳಿದವರಾರು? ತಿಂಗಳಿಗೊಮ್ಮೆ ದುಡ್ಡು ಎಣಿಸಿಕೊಳ್ಳುವ ಇಂಟರ್‌ನೆಟ್ ಕಂಪೆನಿಯವರೇ ಏನು?" ಎಂಬುದು ಅವರ ಪ್ರಶ್ನೆ.

ಅವರ ಮನೆಯಲ್ಲಿ ನಡೆದದ್ದಕ್ಕೆ ಬಹುಮಟ್ಟಿಗೆ ಸಂಪರ್ಕದ ಕಂಪೆನಿ ಕಾರಣವಿರಲಾರದು. ನಾವು ಹೋಗಿ ಓದುವ ತಾಣಗಳೂ, ಹುಡುಕಿಕೊಡುವ ಕಂಪೆನಿಗಳೂ 'ಕುಕಿ' ಎಂಬ ಗುರುತುಚೀಟಿಯನ್ನು ನಮ್ಮ ಯಂತ್ರದಲ್ಲಿ ಇಟ್ಟು ಲೆಕ್ಕ ಬರೆದುಕೊಳ್ಳುತ್ತವೆ. ಆ ಪುರಾಣ ದೊಡ್ಡದು, ಇನ್ನೊಂದು ಸಂಚಿಕೆಗಿರಲಿ. ಆದರೆ ಸೋದರಿಯವರ ಅನುಮಾನ ಹುರುಳಿಲ್ಲದ್ದೆಂದು ಯಾರೂ ನಗಬೇಕಾಗಿಲ್ಲ. ಅವರು ಶಂಕಿಸಿದ ಕೆಲಸವನ್ನು ಬ್ರಿಟನ್ನಿನ ದೊಡ್ಡ ದೊಡ್ಡ ಕಂಪೆನಿಗಳು ನಿಜವಾಗಿಯೂ ಮಾಡಹೊರಟಿದ್ದವು. ಅದನ್ನು ಅಲ್ಲಿನ ಸಾಮಾನ್ಯ ಗ್ರಾಹಕರೇ ಮುಂದೆ ನಿಂತು ತಡೆದರು. ಈ ಸಲ ಅದರ ಕಥೆ.

ಮೊದಲು ಒಂದು ವ್ಯತ್ಯಾಸ ಮನಸ್ಸಿಗೆ ಬರಬೇಕು. ಕಿರಾಣಿ ಅಂಗಡಿಯವನಿಗೆ ನಾವು ಅವನಲ್ಲಿ ಕೊಂಡ ಬೇಳೆಯ ಲೆಕ್ಕ ಗೊತ್ತು. ಔಷಧಿ ಅಂಗಡಿಯವನಿಗೆ ಮಾತ್ರೆಯ ಲೆಕ್ಕ ಗೊತ್ತು. ಒಬ್ಬನದು ಇನ್ನೊಬ್ಬನಿಗೆ ತಿಳಿಯದು. ಬೇಡವೆನಿಸಿದರೆ ಅಂಗಡಿ ಬದಲಾಯಿಸಬಹುದು. ಸಂಪರ್ಕ ಕೊಡುವ ಕಂಪೆನಿಯಾದರೋ ಅಂಗಡಿಯಲ್ಲ. ಎಲ್ಲ ಅಂಗಡಿಗಳ ಸಾಮಾನೂ ಅವನ ತಲೆಯ ಮೇಲೆಯೇ ಬರಬೇಕು. ಮುಂಬಯಿಯ ನಮ್ಮ ಬಂಧುಗಳಿಗೆ ಇದನ್ನು ತಿಳಿಸುವುದು ಸುಲಭ. ಮಾಟುಂಗದ ಮನೆಯಿಂದ ಫೋರ್ಟಿನ ಆಫೀಸಿಗೆ ಡಬ್ಬಿ ಹೋಗುತ್ತದೆ. ಡಬ್ಬಾವಾಲಾ ನೋಡುವುದು ಮುಚ್ಚಳದ ಮೇಲಿನ ಗುರುತನ್ನು ಮಾತ್ರ. ಯಾವ ಸ್ಟೇಷನ್ನು, ಯಾವ ಕಟ್ಟಡ, ಎಷ್ಟನೆಯ ಮಹಡಿ ಎಂಬಷ್ಟೇ ಅವನ ಕೆಲಸಕ್ಕೆ ಬೇಕು. ಒಳಗೆ ಬಿಸಿಬೇಳೆಭಾತು ಇದೆಯೋ ಬರಿಯ ಮೊಸರನ್ನವಿದೆಯೋ ಅವನಿಗೆ ಸಂಬಂಧವಿಲ್ಲ. ದಿನವೂ ದಾದರಿನಲ್ಲಿ ಒಬ್ಬ ಮನುಷ್ಯ ನಿಂತು ಎಲ್ಲ ಡಬ್ಬಿಗಳ ಮುಚ್ಚಳ ತೆಗೆದು, ಇಣುಕಿ, "ಇವರ ಮನೆಯಲ್ಲಿ ಉಪ್ಪಿಲ್ಲದ ಅಡುಗೆ, ರಕ್ತದೊತ್ತಡವಿರಬೇಕು" ಎಂದು ಬರೆದುಕೊಂಡು ಔಷಧಿಯವರಿಗೆ ಸುದ್ದಿ ಮಾರಿದರೆ? ಊಟವೇನೋ ಹೊತ್ತಿಗೆ ಸರಿಯಾಗಿ ಬಿಸಿಯಾಗಿಯೇ ಬಂದೀತು. ಆದರೂ ತುತ್ತು ಗಂಟಲಲ್ಲಿ ಇಳಿಯದು.

ಬ್ರಿಟನ್ನಿನಲ್ಲಿ ದಾದರಿನ ಆ ಮನುಷ್ಯನ ಹೆಸರು ಫೋರ್ಮ್. ಇದೊಂದು ಜಾಹೀರಾತು ಕಂಪೆನಿ. ಹಿಂದೆ 121ಮೀಡಿಯಾ ಎಂಬ ಹೆಸರಿನಲ್ಲಿ, ಜನರ ಕಂಪ್ಯೂಟರಿಗೆ ಇಳಿದು ಜಾಹೀರಾತು ತೋರಿಸುವ ತಂತ್ರಾಂಶದ ವ್ಯಾಪಾರ ಮಾಡಿ ಹೆಸರು ಕೆಡಿಸಿಕೊಂಡಿತ್ತು. 2008ರ ಫೆಬ್ರವರಿಯಲ್ಲಿ ಬಿ.ಟಿ., ವರ್ಜಿನ್ ಮೀಡಿಯಾ, ಟಾಕ್‌ಟಾಕ್ ಈ ಮೂರು ಸಂಪರ್ಕ ಸಂಸ್ಥೆಗಳ ಜತೆ ತನಗೆ ಒಪ್ಪಂದವಾಗಿದೆಯೆಂದು ಅದು ಪ್ರಕಟಿಸಿತು. ಆ ದೇಶದ ಇಂಟರ್‌ನೆಟ್ ಗ್ರಾಹಕರಲ್ಲಿ ನೂರಕ್ಕೆ ಹೆಚ್ಚು ಕಡಿಮೆ 70 ಮಂದಿ ಈ ಮೂವರ ಕೈಯಲ್ಲಿದ್ದರು. ಏರ್ಪಾಡು ಹೀಗೆ: ಗ್ರಾಹಕನು ಯಾವುದೇ ಪುಟ ತೆರೆದಾಗ ಅದರ ಪ್ರತಿಯೊಂದು ದಾರಿಯಲ್ಲೇ ಫೋರ್ಮಿನ ಯಂತ್ರಕ್ಕೆ ಹೋಗುವುದು, ಯಂತ್ರವು ಪುಟದಲ್ಲಿ ಮೇಲಿಂದ ಮೇಲೆ ಬರುವ ಶಬ್ದಗಳನ್ನು ಆಯ್ದು, ಈತ ಕಾರು ಕೊಳ್ಳುವವ, ಈಕೆ ಪ್ರವಾಸ ಹೊರಟವಳು ಎಂದು ವಿಂಗಡಿಸುವುದು, ಮುಂದೆ ಆತ ಎಲ್ಲಿ ಹೋದರೂ ಅದಕ್ಕೆ ತಕ್ಕ ಜಾಹೀರಾತು. ಇದಕ್ಕೆ 'ವೆಬ್‌ವೈಸ್' ಎಂದು ಮುದ್ದಾದ ಹೆಸರಿಟ್ಟು, ಮೋಸದ ತಾಣಗಳಿಂದ ನಿಮ್ಮನ್ನು ಕಾಪಾಡುತ್ತೇವೆಂಬ ಸಕ್ಕರೆ ಲೇಪವನ್ನೂ ಕೊಟ್ಟಿದ್ದರು. ಹೆಸರು ವಿಳಾಸ ಬರೆದುಕೊಳ್ಳುವುದಿಲ್ಲ, ಒಂದು ಅಂಕಿ ಮಾತ್ರ, ಓದಿದ್ದನ್ನು ಕೂಡಲೇ ಅಳಿಸಿಹಾಕುತ್ತೇವೆ ಎಂಬುದು ಅವರ ಸಮಾಧಾನ.

ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಮುಚ್ಚಳ ತೆಗೆದವನು ನನ್ನ ಹೆಸರು ಬರೆದುಕೊಳ್ಳಲಿಲ್ಲವೆಂಬುದು ಮುಚ್ಚಳ ತೆಗೆದದ್ದಕ್ಕೆ ಉತ್ತರವಾಗುವುದೇ?

ಜನ ಕೆರಳಿದ್ದು ಇನ್ನೊಂದು ಸಂಗತಿ ಹೊರಬಿದ್ದಾಗ. ಬಿ.ಟಿ. ಕಂಪೆನಿ 2006ರಲ್ಲೇ ಸುಮಾರು 18,000 ಗ್ರಾಹಕರ ಮೇಲೆ, ಅವರಿಗೆ ಒಂದು ಮಾತೂ ಹೇಳದೆ, ಇದನ್ನು ಪರೀಕ್ಷಿಸಿ ನೋಡಿತ್ತು, 2007ರಲ್ಲಿ ಮತ್ತೊಮ್ಮೆ. ಆ ಎರಡನೆಯ ಸಲ ಕೆಲವು ಚುರುಕು ಗ್ರಾಹಕರು ತಮ್ಮ ಯಂತ್ರ ಗುರುತಿಲ್ಲದ ವಿಳಾಸವೊಂದಕ್ಕೆ ಹೋಗಿಬರುವುದನ್ನು ಕಂಡು ಕಂಪೆನಿಯನ್ನೇ ಕೇಳಿದರು. ಅದು ನಿಮ್ಮ ಕಂಪ್ಯೂಟರಿಗೇ ಹತ್ತಿದ ವೈರಸ್ಸಿನ ಕಾಟವಿರಬೇಕು ಎಂಬ ಉತ್ತರ ಬಂತು! ಬಡಪಾಯಿಗಳು ತಮ್ಮ ಯಂತ್ರವನ್ನು ಒರಸಿ ತೊಳೆದು ಎಷ್ಟು ಹೊತ್ತು ಕಳೆದರೋ.

ಅಲ್ಲಿಂದ ಮುಂದೆ ನಡೆದದ್ದು ಕಾಗದ ಪತ್ರಗಳ ಹೋರಾಟ. ಪ್ರಧಾನಿಯ ಕಚೇರಿಗೆ ಸಲ್ಲಿಸಿದ ಮನವಿಗೆ 20,000ಕ್ಕೂ ಮಿಕ್ಕಿ ಜನ ಸಹಿ ಹಾಕಿದರು. ವೆಬ್ಬನ್ನೇ ಸೃಷ್ಟಿಸಿದ ಟಿಮ್ ಬರ್ನರ್ಸ್-ಲೀ ಮಹಾಶಯರು 2008ರ ಮಾರ್ಚಿನಲ್ಲಿ, ತಮ್ಮ ಕಂಪೆನಿ ಇಂಥದನ್ನು ತಂದರೆ ತಾವು ಕಂಪೆನಿಯನ್ನೇ ಬಿಡುವುದಾಗಿ ಹೇಳಿದರು. ಕ್ಯಾನ್ಸರಿನ ವಿಷಯವಾಗಿ ಪುಸ್ತಕ ಓದಿದವನ ವಿಮೆಯ ಕಂತು ಅದರಿಂದಾಗಿ ಏರಬಾರದೆಂಬುದು ಅವರು ಕೊಟ್ಟ ದೃಷ್ಟಾಂತ. ಪುಣೆಯ ಸೋದರಿಯವರ ಕಳವಳವೂ ಅದೇ ಜಾತಿಯದು. ಕೇಂಬ್ರಿಜ್ಜಿನ ಸಂಶೋಧಕ ರಿಚರ್ಡ್ ಕ್ಲೇಟನ್ ಯಂತ್ರದ ಒಳಮರ್ಮವನ್ನು ಬಿಡಿಸಿ ಬರೆದು, ಅದು ಪುಟ ತೋರಿಸುವ ಮುನ್ನ ಗ್ರಾಹಕನನ್ನು ಸುತ್ತುಬಳಸಿ ತಿರುಗಿಸುತ್ತದೆ, ನೋಡುವ ತಾಣದ ಹೆಸರಿನಲ್ಲೇ ಕಳ್ಳಚೀಟಿ ಇಡುತ್ತದೆ ಎಂದು ತೋರಿಸಿಕೊಟ್ಟರು. ಜುಲೈ ತಿಂಗಳಲ್ಲಿ ಬಿ.ಟಿ. ಷೇರುದಾರರ ವಾರ್ಷಿಕ ಸಭೆ ಲಂಡನ್ನಿನಲ್ಲಿ ಸೇರಿದಾಗ ಬಾಗಿಲಲ್ಲಿ ಗ್ರಾಹಕರು ನಿಂತಿದ್ದರು.

ಪೋಲೀಸರಿಗೂ ದೂರು ಹೋಯಿತು. ಅವರು ಅಪರಾಧದ ಉದ್ದೇಶವಿರಲಿಲ್ಲವೆಂದೂ, ಗ್ರಾಹಕರ ಒಪ್ಪಿಗೆ ಇತ್ತೆಂದೇ ಭಾವಿಸಬಹುದೆಂದೂ ಹೇಳಿ ಕಡತ ಮುಚ್ಚಿದರು. ಕೇಳದೆ ಇದ್ದ ಒಪ್ಪಿಗೆ ಅದು ಎಂಥದೋ! ನಮ್ಮ ಕಡೆ ಹೆಣ್ಣು ಸುಮ್ಮನೆ ತಲೆತಗ್ಗಿಸಿ ಕೂತರೆ ಒಪ್ಪಿದಳೆಂದು ಹಿರಿಯರು ಲಗ್ನ ನಿಶ್ಚಯಿಸುತ್ತಿದ್ದರಲ್ಲ, ಅದನ್ನೂ ಮೀರಿಸಿತು ಇದು. ಆಕೆಗೆ ವರ ಬಂದಿರುವುದಾದರೂ ಗೊತ್ತಿರುತ್ತಿತ್ತು.

ಒಪ್ಪಿಗೆಯ ಈ ಗಂಟನ್ನು ಇನ್ನೂ ಸ್ವಲ್ಪ ಬಿಚ್ಚಬೇಕು. ಬೇಡವೆಂದವರು ಬಿಡಬಹುದು ಎಂದು ಕಂಪೆನಿ ಹೇಳುತ್ತಿತ್ತು. ಆದರೆ ಬೇಡವೆಂಬುದನ್ನು ಬರೆದಿಡುವುದೂ ಒಂದು ಕುಕಿಯಲ್ಲೇ. ಅದು ಅಳಿಸಿಹೋದರೆ ಮತ್ತೆ ಮೊದಲಿನಿಂದ. ಅಲ್ಲದೆ ಮನೆಗೊಂದೇ ಸಂಪರ್ಕ. ರುಜು ಹಾಕಿದವರು ಯಜಮಾನರು. ಓದುವವರು ಐದು ಜನ. ಮಗಳು ಬೇರೆ ಊರಿನ ಕೆಲಸ ಹುಡುಕುತ್ತಿರಬಹುದು, ಸೊಸೆ ವೈದ್ಯರನ್ನು ಹುಡುಕುತ್ತಿರಬಹುದು, ಊರಿಂದ ಬಂದ ಷಡ್ಡಕರು ಸಾಲದ ಬಡ್ಡಿ ಲೆಕ್ಕ ಹಾಕುತ್ತಿರಬಹುದು. ಇವರೆಲ್ಲರ ಪರವಾಗಿ ಒಪ್ಪಲು ಯಜಮಾನರಾರು? ಇನ್ನು ಕಾಗದಕ್ಕೆ ಎರಡು ತುದಿ. ಓದುವವರಂತೆ ಬರೆದವರೂ ಒಪ್ಪಬೇಡವೇ ಎಂದು ಕಾನೂನು ಬಲ್ಲವರು ಕೇಳಿದರು. 2009ರ ಏಪ್ರಿಲಿನಲ್ಲಿ ಅಮೆಜಾನ್ ಕಂಪೆನಿಯೂ, ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯೂ ತಮ್ಮ ಪುಟಗಳನ್ನು ಫೋರ್ಮ್ ಮುಟ್ಟಕೂಡದೆಂದು ತಿಳಿಸಿಬಿಟ್ಟವು. ಅದೇ ತಿಂಗಳು ಯೂರೋಪಿನ ಆಯೋಗವು, ಜನರ ಗೋಪ್ಯವನ್ನು ಸರಿಯಾಗಿ ಕಾಯುತ್ತಿಲ್ಲವೆಂದು ಬ್ರಿಟಿಷ್ ಸರಕಾರದ ಮೇಲೆಯೇ ಕ್ರಮ ಆರಂಭಿಸಿತು.

ಜುಲೈಯಲ್ಲಿ ಬಿ.ಟಿ. ಹಿಂದೆ ಸರಿಯಿತು, ಟಾಕ್‌ಟಾಕ್ ಅದರ ಹಿಂದೆಯೇ. ಫೋರ್ಮಿನ ಷೇರು ನೆಲಕಚ್ಚಿತು. ಅದು ಬೇರೆ ದೇಶಗಳಲ್ಲಿ ಅದೃಷ್ಟ ನೋಡಿ 2016ರಲ್ಲಿ ಬಾಗಿಲು ಹಾಕಿತು. ಗುಟ್ಟಿನ ಪ್ರಯೋಗಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಮೊಕದ್ದಮೆ ಹೂಡುವುದಿಲ್ಲವೆಂದು 2011ರಲ್ಲಿ ತೀರ್ಮಾನವಾಯಿತು. ಆದರೂ ಅದೇ ವರ್ಷ ಬ್ರಿಟನ್ ತನ್ನ ಕಾನೂನನ್ನು ಬಿಗಿಮಾಡಬೇಕಾಯಿತು. ಕೋರ್ಟಿಗಿಂತ ಮೊದಲು ಕೆಲಸ ಮಾಡಿದ್ದು "ಹಾಗಾದರೆ ನಾವು ಬೇರೆಯವರಲ್ಲಿಗೆ ಹೋಗುತ್ತೇವೆ" ಎಂಬ ಗ್ರಾಹಕರ ಮಾತು ಎಂದೇ ನನ್ನ ಎಣಿಕೆ.

ಇದು ಪರದೇಶದ ಮಾತಾಯಿತು ಎನ್ನಬೇಡಿ. 2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರು ಏರ್‌ಟೆಲ್ 3ಜಿ ಸಂಪರ್ಕದಲ್ಲಿ ತಮ್ಮದೇ ತಾಣವನ್ನು ತೆರೆದಾಗ, ತಾವು ಬರೆಯದ ಸಾಲುಗಳು ದಾರಿಯಲ್ಲಿ ಬಂದು ಸೇರಿಕೊಂಡಿರುವುದನ್ನು ಕಂಡು ಎಲ್ಲರಿಗೂ ತೋರಿಸಿದರು. ಗ್ರಾಹಕರು ಎಷ್ಟು ಡೇಟಾ ಬಳಸಿದರೆಂದು ಅವರಿಗೇ ತಿಳಿಸುವ ಪ್ರಯೋಗವದು ಎಂದು ಕಂಪೆನಿ ಹೇಳಿತು. ಇರಬಹುದು. ಆ ಸಾಲುಗಳಿಗೆ ಸಂಬಂಧಪಟ್ಟ ಇಸ್ರೇಲಿನ ಕಂಪೆನಿಯಿಂದ ಮಾತ್ರ, ತೋರಿಸಿದವರಿಗೇ ವಕೀಲರ ನೋಟೀಸು ಬಂತು!

ಗೋಪ್ಯವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿದ ಮೊಕದ್ದಮೆಗೆ ನಮ್ಮವರ ಹೆಸರೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ತೀರ್ಪು ಅದು. ಪಾರ್ಲಿಮೆಂಟು 2023ರಲ್ಲಿ ಮಾಡಿದ ಮಾಹಿತಿ ರಕ್ಷಣೆಯ ಕಾನೂನು, ಒಪ್ಪಿಗೆಯೆಂಬುದು ಬಲವಂತವಿಲ್ಲದೆ, ಸ್ಪಷ್ಟವಾಗಿ, ಇಂಥ ಕೆಲಸಕ್ಕೆಂದು ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಜಾರಿಯಾಗುವುದು ಹಂತ ಹಂತವಾಗಿ.

ಈಗ ಡಬ್ಬಿಗೆ ಬೀಗವೂ ಬಂದಿದೆ. ವಿಳಾಸದ ಮೊದಲಲ್ಲಿ ಎಚ್‌ಟಿಟಿಪಿಎಸ್ ಎಂದಿರುವ ತಾಣದ ಪುಟವನ್ನು ಸಂಪರ್ಕದ ಕಂಪೆನಿ ದಾರಿಯಲ್ಲಿ ಓದಲಾರದು. ಇಂದು ಹೆಚ್ಚಿನ ತಾಣಗಳು ಹಾಗೆಯೇ ಇವೆ. ಆದರೆ ಯಾವ ತಾಣಕ್ಕೆ, ಎಷ್ಟು ಹೊತ್ತಿಗೆ ಹೋದಿರಿ ಎಂಬುದು ಸಾಮಾನ್ಯವಾಗಿ ಅದಕ್ಕೆ ತಿಳಿಯುತ್ತದೆ. ಅನ್ನದ ಬಣ್ಣ ಕಾಣದಿದ್ದರೂ, ದಿನವೂ ಡಬ್ಬಿ ಆಸ್ಪತ್ರೆಯ ವಾರ್ಡಿಗೆ ಹೋಗುತ್ತಿದ್ದರೆ ಊಹಿಸಲು ಬಹಳ ಬುದ್ಧಿ ಬೇಡ.

ಹೊಸ ಸಂಪರ್ಕ ಹಾಕಿಸುವಾಗ ಹುಡುಗ ಮೊಬೈಲಿನಲ್ಲಿ "ಇಲ್ಲೊಂದು ಒತ್ತಿಬಿಡಿ ಸಾರ್" ಎನ್ನುತ್ತಾನಷ್ಟೆ. ಒತ್ತುವ ಮೊದಲು, 'ಪಾಲುದಾರರೊಡನೆ ಮಾಹಿತಿ ಹಂಚಿಕೊಳ್ಳುತ್ತೇವೆ' ಎಂಬ ಸಾಲು ಅಲ್ಲಿದೆಯೇ ನೋಡಿ. ಇದ್ದರೆ, ಆ ಪಾಲುದಾರರು ಯಾರು, ನಾವು ನೋಡುವ ತಾಣಗಳ ಪಟ್ಟಿ ಅವರಿಗೆ ಹೋಗುತ್ತದೆಯೇ, ಬೇಡವೆಂದರೆ ಸಂಪರ್ಕ ಕೊಡುತ್ತೀರೋ ಇಲ್ಲವೋ ಎಂದು ಕಂಪೆನಿಯ ದೂರು ವಿಭಾಗಕ್ಕೆ ನಾಲ್ಕು ಸಾಲು ಬರೆಯಿರಿ. ಬಂದ ಉತ್ತರದ ನಕಲನ್ನು, ನಿಮ್ಮ ಹೆಸರು ವಿಳಾಸಗಳನ್ನು ಅಳಿಸಿ, ಸಂಘದ ಕಚೇರಿಗೆ ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಈ ಪುಟದಲ್ಲೇ ಅಚ್ಚುಹಾಕೋಣ.