ಶುಗರ್ ಇಲ್ಲದವಳ ಓಟ

ನಮ್ಮ ತೀರ್ಥಹಳ್ಳಿಯಲ್ಲಿ ಐವತ್ತು ದಾಟಿದ ಹೆಂಗಸು ಬೆಳಿಗ್ಗೆ ಬಿರಬಿರನೆ ನಡೆಯುತ್ತಿದ್ದಾಳೆಂದರೆ ಅವಳಿಗೆ ಶುಗರ್ ಇದೆ ಎಂದೇ ಅರ್ಥ. ಓಡುತ್ತಿದ್ದರಂತೂ ವಿಪರೀತ ಇದೆ ಎಂದು ಅರ್ಥ. ಹಾಲು ತರಲು ಬಂದವರು ದಾರಿಯಲ್ಲಿ ನಿಲ್ಲಿಸಿ, "ಎಷ್ಟಿದೆ ಟೀಚರ್?" ಎಂದು ಕನಿಕರದಿಂದ ಕೇಳುತ್ತಾರೆ. ನಾನು "ಎಂಬತ್ತೆರಡು" ಎನ್ನುತ್ತೇನೆ. "ಅಯ್ಯೋ ಅಷ್ಟೇನಾ! ತಿಂಡಿಗೆ ಮುಂಚೆಯೋ ಆಮೇಲೋ?" ಎಂದು ಅವರಿಗೆ ಆಶ್ಚರ್ಯ. ನಾನು ಹೇಳಿದ್ದು ನಿಮಿಷದ ಲೆಕ್ಕ. ಪಕ್ಕದ ಜಿಲ್ಲೆಯ ಕಾಫಿಸೀಮೆಯಲ್ಲಿ ಪ್ರತಿ ಡಿಸೆಂಬರಿನಲ್ಲಿ ನಡೆಯುವ ಗುಡ್ಡದ ರಸ್ತೆಯ ಓಟದಲ್ಲಿ ಹತ್ತು ಕಿಲೋಮೀಟರಿಗೆ ನನಗೆ ಹಿಡಿದದ್ದು 82 ನಿಮಿಷ. ಅದನ್ನು 75ಕ್ಕೆ ಇಳಿಸಬೇಕೆಂಬುದು ನನ್ನ ಹಟ. ಶುಗರ್ ಇಲ್ಲ, ಬಿ.ಪಿ. ಇಲ್ಲ, ತೂಕ ಇಳಿಸುವ ಉಮೇದೂ ಇಲ್ಲ. 75 ನಿಮಿಷ ಬೇಕು, ಅಷ್ಟೇ.

ಇದನ್ನು ಒಪ್ಪಿಸುವುದು ಗುಡ್ಡ ಹತ್ತುವುದಕ್ಕಿಂತ ಕಷ್ಟ. ನಮ್ಮಲ್ಲಿ ಹೆಂಗಸು ಮನೆಯಿಂದ ಹೊರಗೆ ಕಾಲಿಡಲು ಯಾವುದಾದರೂ ಒಂದು ಕಾಯಿಲೆಯ ಶಿಫಾರಸು ಬೇಕು. ಡಾಕ್ಟರು ಹೇಳಿದ್ದಾರೆ ಎಂದರೆ ಅತ್ತೆಯೂ ಸುಮ್ಮನಾಗುತ್ತಾರೆ, ಗಂಡನೇ ಬೂಟು ತಂದುಕೊಡುತ್ತಾನೆ. "ನನಗೆ ಆಸೆ" ಎಂದು ನೋಡಿ, ಮನೆಯಲ್ಲಿ ಗಡಿಯಾರದ ಸದ್ದು ಕೇಳುವಷ್ಟು ಮೌನ. ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಭಾಗವಹಿಸುವುದು ಮುಖ್ಯ ಮೇಡಂ, ಈ ವಯಸ್ಸಿನಲ್ಲಿ ನಿಮಿಷ ಯಾಕೆ ಎಣಿಸುತ್ತೀರಿ?" ಒಂದೇ ಅಂಕದಲ್ಲಿ ಫೇಲಾದ ಹುಡುಗನಿಗೆ ಇವರು ಯಾವತ್ತಾದರೂ ಪರೀಕ್ಷೆಗೆ ಕೂತದ್ದೇ ಮುಖ್ಯ ಕಣೋ ಎಂದಿದ್ದಾರೆಯೇ? ಮೂವತ್ತು ವರ್ಷ ಬೇರೆಯವರ ಮಕ್ಕಳ ಅಂಕ ಕೂಡಿದ ಕೈ ಇದು. ನನ್ನದು ಅಂತ ಒಂದು ಅಂಕಿ ಇರಲಿ ಎಂದರೆ ಅದು ದುರಾಸೆಯೇ?

ಓಟ ನಡೆಸುವವರೂ ಇದೇ ಮನೆತನದವರು. ಗಂಡಸರಿಗೆ 10, 21 ಕಿಲೋಮೀಟರ್. "ನಮ್ಮ ಮಹಿಳೆಯರಿಗಾಗಿ" ಸೀರೆ ಉಟ್ಟು ಮೂರು ಕಿಲೋಮೀಟರಿನ ಮೋಜಿನ ಓಟ, ಬಹುಮಾನಕ್ಕೆ ಕುಕ್ಕರ್. ಓಡಿ ಗೆದ್ದರೂ ಅಡುಗೆಮನೆಗೇ ವಾಪಸು! ಸೀರೆಯ ಬಗ್ಗೆ ನನ್ನ ತಕರಾರಿಲ್ಲ, ಉಟ್ಟುಕೊಂಡೇ ಪಾಠ ಮಾಡುವವಳು. ಆದರೆ ಗಂಡಸರಿಗೆ ಪಂಚೆ ಉಟ್ಟು ಓಡಿ ಎಂದು ಯಾರೂ ಹೇಳಿದ್ದು ಕಾಣೆ. ನಾನು ಹಟ ಹಿಡಿದು ಹತ್ತರ ಓಟಕ್ಕೇ ಹೆಸರು ಕೊಟ್ಟಾಗ 45 ದಾಟಿದ ಹೆಂಗಸರನ್ನೆಲ್ಲ ಒಂದೇ ಗುಂಪಿಗೆ ಹಾಕಿದ್ದರು. ಪ್ರಪಂಚದಲ್ಲಿ ಹಿರಿಯರ ಅಥ್ಲೆಟಿಕ್ಸ್ ನಡೆಸುವ ಸಂಸ್ಥೆ 35ರಿಂದಲೇ ಐದೈದು ವರ್ಷಕ್ಕೊಂದು ಗುಂಪು ಮಾಡುತ್ತದೆ. 45ರ ಮೊಣಕಾಲು ಬೇರೆ, 57ರದ್ದು ಬೇರೆ ಎಂದು ಅವರಿಗೆ ಗೊತ್ತು. ಇಲ್ಲಿ ಕೊಟ್ಟ ಪ್ರಮಾಣಪತ್ರದಲ್ಲಿ "ಉತ್ಸಾಹದಿಂದ ಭಾಗವಹಿಸಿದ್ದಾರೆ" ಎಂದಿತ್ತು, ಸಮಯ ಇರಲಿಲ್ಲ. ಜೊತೆಗೆ ಓಡಿದ ನಮ್ಮ ಪಿ.ಇ. ಮೇಷ್ಟ್ರ ಪತ್ರದಲ್ಲಿ ಸೆಕೆಂಡಿನ ಸಮೇತ ಇತ್ತು.

ಈ ಕನಿಕರಕ್ಕೆ ದೊಡ್ಡ ಚರಿತ್ರೆಯಿದೆ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರಿಗೆ 800 ಮೀಟರ್ ಓಟ ಇಟ್ಟರು. ಫೈನಲಿಗೆ ಬಂದ ಒಂಬತ್ತು ಮಂದಿಯೂ ಓಟ ಮುಗಿಸಿದರು. ಪತ್ರಿಕೆಗಳು ಮಾತ್ರ ಹೆಂಗಸರು ಸಾಲುಸಾಲಾಗಿ ಕುಸಿದು ಬಿದ್ದರೆಂದು ಬರೆದವು. ಅಷ್ಟೇ ನೆಪ ಸಾಕಾಯಿತು, 1960ರವರೆಗೆ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 200 ಮೀಟರ್ ಮೀರಿದ ಓಟವೇ ಇರಲಿಲ್ಲ. ಓಡಿ ಸುಸ್ತಾದ ಗಂಡಸು ಹುಲ್ಲಿನ ಮೇಲೆ ಬಿದ್ದುಕೊಂಡರೆ ವೀರ, ಹೆಂಗಸು ಬಿದ್ದುಕೊಂಡರೆ ಆ ಓಟವೇ ರದ್ದು. 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಂಬಾಕೆ ಓಡುತ್ತಿದ್ದಾಗ ಅಧಿಕಾರಿಯೊಬ್ಬ ಬೆನ್ನಟ್ಟಿ ಬಂದು ಅವಳ ನಂಬರ್ ಚೀಟಿ ಕೀಳಲು ನೋಡಿದ. ಅಲ್ಲಿ ಹೆಂಗಸರಿಗೆ ಅಧಿಕೃತವಾಗಿ ಬಾಗಿಲು ತೆರೆದದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಈಗ ಯಾರೂ ಚೀಟಿ ಕೀಳುವುದಿಲ್ಲ. ಚೀಟಿ ಕೊಟ್ಟು ಸಮಯ ಬರೆಯುವುದಿಲ್ಲ, ಅಷ್ಟೇ.

ಸಮಯ ಕಡಿಮೆ ಮಾಡುವುದೆಂದರೆ ಸುಮ್ಮನೆ ಜೋರಾಗಿ ಓಡುವುದಲ್ಲ, ಅದರಲ್ಲಿ ಲೆಕ್ಕವಿದೆ. 75 ನಿಮಿಷಕ್ಕೆ ಕಿಲೋಮೀಟರಿಗೆ ಏಳೂವರೆ ನಿಮಿಷ. ಗುಡ್ಡದಲ್ಲಿ ಈ ಸರಾಸರಿ ಕೆಲಸಕ್ಕೆ ಬಾರದು, ಏರಿನಲ್ಲಿ ಅದನ್ನೇ ಹಿಡಿದರೆ ಉಸಿರು ಕಟ್ಟುತ್ತದೆ. ಆ ದಾರಿಯಲ್ಲಿ ಮೊದಲ ಎರಡು ಕಿಲೋಮೀಟರ್ ಹೆಚ್ಚುಕಡಿಮೆ ಸಮತಟ್ಟು, ಆಮೇಲೆ ನಾಲ್ಕು ಏರು, ಕೊನೆಯ ನಾಲ್ಕು ಇಳಿಜಾರು. ರಫ್ ಪುಸ್ತಕದ ಹಿಂಬದಿಯಲ್ಲಿ ಗುಣಿಸಿ ಕೂಡಿದೆ. ಮೊದಲೆರಡಕ್ಕೆ 14 ನಿಮಿಷ 40 ಸೆಕೆಂಡು. ಏರಿನಲ್ಲಿ ಕಿಲೋಮೀಟರಿಗೆ 8 ನಿಮಿಷ 45 ಸೆಕೆಂಡಿನಂತೆ 35 ನಿಮಿಷ. ಇಳಿಜಾರಿಗೆ 25 ನಿಮಿಷ 20 ಸೆಕೆಂಡು. ಕೂಡಿದರೆ ಸರಿಯಾಗಿ 75. ಕಾಗದದ ಮೇಲೆ ಗುಡ್ಡವೂ ಸಮತಟ್ಟೇ ಅನ್ನಿ.

ನಮ್ಮೂರ ಸುತ್ತ ಏರಿಗೆ ಬರವಿಲ್ಲ. ಮಂಗಳವಾರ ಬೆಳಗಿನ ಐದೂಕಾಲಿಗೆ ಒಂದು ಏರುರಸ್ತೆಯಲ್ಲಿ ನಾನೂರು ಮೀಟರ್ ಮೇಲಕ್ಕೆ ಓಡುವುದು, ನಡೆದು ಇಳಿಯುವುದು, ಮತ್ತೆ ಓಡುವುದು. ಮೊದಲು ನಾಲ್ಕು ಸಲ, ಆಮೇಲೆ ಆರು. ಏರಿನಲ್ಲಿ ಹೆಜ್ಜೆ ಚಿಕ್ಕದಿರಬೇಕು, ಕಣ್ಣು ಗುಡ್ಡದ ನೆತ್ತಿಯ ಮೇಲಲ್ಲ, ಹತ್ತು ಮಾರು ಮುಂದೆ ಇರಬೇಕು. ಗುರುವಾರ ಮಾತಾಡಿಕೊಂಡು ಓಡುವಷ್ಟು ನಿಧಾನ. ಜೊತೆಗಾರರಿಲ್ಲದ್ದರಿಂದ ನಾನು ಒಂಬತ್ತನೇ ತರಗತಿಯ ಪಾಠ ಒಪ್ಪಿಸಿಕೊಳ್ಳುತ್ತೇನೆ, ನಾಯಿಗಳು ಕೇಳುತ್ತವೆ. ಭಾನುವಾರ ದೂರದ ಓಟ. ತಿಂಗಳಿಗೊಮ್ಮೆ ಕುಂದಾದ್ರಿಯ ಟಾರು ರಸ್ತೆ ಹತ್ತಿ, ಮೇಲಿನ ಬಸದಿಯ ಹತ್ತಿರ ಕೂತು ನೀರು ಕುಡಿದು ಇಳಿಯುವುದು. ಇಳಿಯುವುದು ಸುಲಭ ಎಂದುಕೊಳ್ಳಬೇಡಿ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದರ ನೋವು ಅವತ್ತಲ್ಲ, ಎರಡನೇ ದಿನ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ. ಮುಟ್ಟು ನಿಂತ ಮೇಲೆ ಮೂಳೆಯೂ ಸ್ನಾಯುವೂ ಸವೆಯುತ್ತವೆ, ಓಟವೊಂದೇ ಸಾಲದು, ಭಾರವನ್ನೂ ಎತ್ತಬೇಕು. ಐದು ಕೆಜಿಯ ಎರಡು ಅಕ್ಕಿ ಚೀಲ ನನ್ನ ವ್ಯಾಯಾಮಶಾಲೆ.

ಇಷ್ಟಾದರೂ ಮೊದಲ ಎರಡು ತಿಂಗಳು ಗಡಿಯಾರ ಅಲುಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 10.6. ಹೆಂಗಸರಿಗೆ 12 ಇರಬೇಕು. ಆಮ್ಲಜನಕ ಹೊರುವ ಗಾಡಿಯೇ ಅರ್ಧ ಖಾಲಿಯಿದ್ದರೆ ಶ್ವಾಸ ಎಳೆದು ಏನು ಪ್ರಯೋಜನ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. "ಸ್ವಲ್ಪ ಸುಸ್ತು" ಎಂದು ನಾವು ದಿನಾ ಹೇಳುವ ಮಾತಿನ ಹಿಂದೆ ಇರುವ ಅಂಕಿ ಇದು. ಡಾಕ್ಟರು ಹೇಳಿದಂತೆ ಕಬ್ಬಿಣದ ಮಾತ್ರೆ ನುಂಗಿದೆ, ಊಟದ ಜೊತೆಗೇ ಕಾಫಿ ಕುಡಿಯುವುದನ್ನು ಬಿಟ್ಟೆ. ಮಲೆನಾಡಿನವಳಿಗೆ ಇದು ಗುಡ್ಡಕ್ಕಿಂತ ದೊಡ್ಡ ತ್ಯಾಗ.

ಗೆಳತಿಯೊಬ್ಬಳು ಕೇಳಿದಳು: "ನಿಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು ದಿನಾ ನಾಲ್ಕು ಕಿಲೋಮೀಟರ್ ಗುಡ್ಡ ಹತ್ತಿಳಿದು ಬರುತ್ತಾಳೆ. ಅವಳ ಮುಂದೆ ನಿನ್ನದು ಹೊಟ್ಟೆ ತುಂಬಿದವರ ಆಟ ಅಲ್ಲವೇನೇ?" ಇದು ತಳ್ಳಿಹಾಕುವ ಮಾತಲ್ಲ. ನಾನು ಬಹಳ ಯೋಚಿಸಿದೆ. ಅವಳಷ್ಟು ಶ್ರಮ ನಾನು ಯಾವ ವಾರವೂ ಮಾಡುವುದಿಲ್ಲ. ಆದರೆ ಶ್ರಮದಿಂದ ಮಾತ್ರ ದೇಹ ಗಟ್ಟಿಯಾಗುವುದಿಲ್ಲ. ಏರು ಓಡಿದಾಗ ಸ್ನಾಯು ಸಣ್ಣದಾಗಿ ಹರಿಯುತ್ತದೆ, ಅದು ಮೊದಲಿಗಿಂತ ಬಲವಾಗಿ ಕೂಡಿಕೊಳ್ಳುವುದು ಮಲಗಿದಾಗ, ಹೊಟ್ಟೆತುಂಬ ಉಂಡಾಗ. ತರಬೇತಿಯೆಂದರೆ ದುಡಿಮೆ ಮತ್ತು ವಿಶ್ರಾಂತಿ ಎರಡೂ. ನಮ್ಮ ಹೆಂಗಸರಿಗೆ ಮೊದಲನೆಯದು ಬೇಕಾದಷ್ಟಿದೆ, ಎರಡನೆಯದನ್ನು ಯಾರೂ ಕೊಟ್ಟಿಲ್ಲ. ಅಡುಗೆಯವಳು ಗುಡ್ಡ ಹತ್ತಿಯೇ ಸವೆದಳು, ನಾನು ಗುಡ್ಡ ಹತ್ತಿ ಗಟ್ಟಿಯಾದೆ. ವ್ಯತ್ಯಾಸ ನನ್ನ ಸೋಮವಾರದ್ದು. ಆ ದಿನ ನನಗೆ ರಜೆ.

ಆ ಸೋಮವಾರಕ್ಕಾಗಿಯೇ ಮನೆಯಲ್ಲಿ ಹೆಚ್ಚು ಜಗಳವಾದದ್ದು. ಓಡಲು ಹೋದರೆ ಯಾರೂ ಏನೂ ಅನ್ನಲಿಲ್ಲ, ರಾತ್ರಿ ಒಂಬತ್ತಕ್ಕೆ ಮಲಗುತ್ತೇನೆ ಎಂದಾಗ ಪಾತ್ರೆಗಳ ಪ್ರಶ್ನೆ ಬಂತು. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆ ನೋಡಿ: ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾಳೆ, ಗಂಡಸು 97. ಅದೂ ಮಾಡುವ ಗಂಡಸರ ಲೆಕ್ಕ. ಮಾಡುವವರು ನೂರಕ್ಕೆ 26 ಮಾತ್ರ. 299ರಲ್ಲಿ 75 ಕೇಳಿದರೆ ಅದು ನಾಲ್ಕನೇ ಒಂದು ಭಾಗ. ನಮ್ಮವರು ಲೆಕ್ಕದ ಮನುಷ್ಯ, ಬ್ಯಾಂಕಿನಲ್ಲಿದ್ದವರು. ಈ ಭಿನ್ನರಾಶಿ ಬರೆದು ತೋರಿಸಿದ ಮೇಲೆ ಪಾತ್ರೆ ಅವರ ಖಾತೆಗೆ ಹೋಯಿತು. ಕುಕ್ಕರಿನ ತಳ ಇನ್ನೂ ಸರಿಯಾಗಿ ತಿಕ್ಕುವುದಿಲ್ಲ, ಇರಲಿ.

ಕಳೆದ ಡಿಸೆಂಬರಿನಲ್ಲಿ ಮಂಜು ಕವಿದ ಬೆಳಿಗ್ಗೆ ಓಡಿದೆ. ಏರಿನ ನೆತ್ತಿ ತಲುಪಿದಾಗ ಲೆಕ್ಕಕ್ಕಿಂತ ಇಪ್ಪತ್ತು ಸೆಕೆಂಡು ಮುಂದಿದ್ದೆ. ಇಳಿಜಾರಿನಲ್ಲಿ ಮಂಜಿನಿಂದ ರಸ್ತೆ ಒದ್ದೆಯಾಗಿತ್ತು, ಮೊಣಕಾಲು ಕಾಯ್ದುಕೊಂಡು ಇಳಿದೆ. ಗೆರೆ ದಾಟಿದಾಗ 75 ನಿಮಿಷ 48 ಸೆಕೆಂಡು. "48 ಸೆಕೆಂಡು ತಾನೆ, 75 ಅಂತಲೇ ಇಟ್ಟುಕೋ" ಎಂದರು ನಮ್ಮವರು. 1984ರಲ್ಲಿ ಪಿ.ಟಿ. ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಅದನ್ನು ಯಾರಾದರೂ ಕಂಚು ಅಂತಲೇ ಇಟ್ಟುಕೊಂಡರೇ?

ಈ ಸಲವೂ ಪ್ರಮಾಣಪತ್ರದಲ್ಲಿ ಸಮಯವಿಲ್ಲ. ವಯಸ್ಸಿಗೆ ತಕ್ಕ ಗುಂಪು ಮಾಡಿ, ಸಮಯ ಬರೆದುಕೊಡಿ ಎಂದು ವ್ಯವಸ್ಥಾಪಕರಿಗೆ ರಿಜಿಸ್ಟರ್ಡ್ ಪತ್ರ ಹಾಕಿದ್ದೇನೆ. ನಮ್ಮ ಶಾಲೆಯ ಇನ್ನಿಬ್ಬರು ಟೀಚರುಗಳು ಸಹಿ ಮಾಡಿದ್ದಾರೆ; ಅವರಲ್ಲಿ ಒಬ್ಬರು ಗುರುವಾರದ ನಿಧಾನದ ಓಟಕ್ಕೂ ಬರತೊಡಗಿದ್ದಾರೆ. ಅವರಿಗೆ ಶುಗರ್ ಇದೆ, ಮನೆಯಲ್ಲಿ ತೊಂದರೆಯಿಲ್ಲ. ಉತ್ತರ ಇನ್ನೂ ಬಂದಿಲ್ಲ. ಬರುವ ಮಂಗಳವಾರದಿಂದ ಏರು ಎಂಟು ಸಲ.